ನೆತ್ತಿಗಲ್ಲ, ಹಣೆಗೆ

ಈ ಆಷಾಢದಲ್ಲಿ ಚೈತ್ರಾಳ ಶಾಲೆಯ ಆಟ ನೋಡಲು ಯಾದಗಿರಿಗೆ ಹೋಗಿದ್ದೆ. ಮೈದಾನಕ್ಕೆ ಆಗತಾನೆ ಸುಣ್ಣದ ಗೆರೆ ಎಳೆದಿದ್ದರು. ಅದರ ಮೇಲೆ ಒಂದು ಸಣ್ಣ ಮಳೆ ಬಿದ್ದು ಹೋಯಿತು. ಹಸಿ ಕರಿಮಣ್ಣು, ನೆನೆದ ಸುಣ್ಣ, ಪಕ್ಕದಲ್ಲಿ ಹುಡುಗಿಯರು ಒರೆಸುತ್ತಿದ್ದ ಚೆಂಡು, ಈ ಮೂರರ ವಾಸನೆ ಒಟ್ಟಿಗೆ ಮೂಗಿಗೆ ಬಂದಿತು. ಗೋಡೆ ಹಿಡಿದು ಕುಳಿತುಬಿಟ್ಟೆ.

"ಆಯಿ, ಯಾಕ ಕುಂತಿ? ಬಿಪಿ ಏರ್ಯದೇನು?" ಎಂದು ಚೈತ್ರಾ ಓಡಿ ಬಂದಳು.

"ಏನಿಲ್ಲವ್ವ, ಕಾಲ ನೊಂದಾವ" ಎಂದೆ. ಅದು ಸುಳ್ಳು.

ಚೈತ್ರಾ, ಸಂಜು, ಇದು ನನ್ನ ಮೊಮ್ಮಕ್ಕಳಾದ ನಿಮ್ಮಿಬ್ಬರಿಗೆ. ನಾನು ದೋರನಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಬರೆದರೆ ನೀವು ಓದುವಾಗ ನಾನು ಅಡಿಗೆ ಮನೆಯಲ್ಲಿ ಇರಬಹುದು. ಅದಕ್ಕೆ ನಿಮ್ಮ ಅವ್ವನ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾನನ್ನು, ನನ್ನ ಗಂಡನನ್ನು, ನೀವು ಕಂಡದ್ದು ಕಡೆಗಾಲದಲ್ಲಿ. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು, ನಿಮ್ಮ ಹೆಸರುಗಳನ್ನು ಅದಲು ಬದಲು ಮಾಡಿ ಕರೆಯುತ್ತಿದ್ದ ಮನುಷ್ಯ. ಅವರಿಗೆ ಐವತ್ತು ತುಂಬುವ ಮೊದಲೇ ಹಾಗೇಕಾಯಿತು ಎಂದು ನೀವು ಕೇಳಿದ್ದೀರಿ, ನಿಮ್ಮ ಅವ್ವ ಕೇಳಿದ್ದಾಳೆ, ಡಾಕ್ಟರು ಕೇಳಿದ್ದಾರೆ. ಯಾಕೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಇಪ್ಪತ್ತೆಂಟು ವರ್ಷದ ಹಿಂದಿನ ಒಂದು ಶ್ರಾವಣದಲ್ಲಿ ಅವರು ಆಡಬಾರದ ದಿನ ಫುಟ್‌ಬಾಲ್ ಆಡಿದರು. ಆಡಬಹುದೇ ಎಂದು ಕೇಳಿದ್ದು ನನ್ನನ್ನು. ಆಡಲಿ ಎಂದವಳು ನಾನು.

ಆಗ ನಾವು ಶಹಾಪುರದಲ್ಲಿದ್ದೆವು. ನಿಮ್ಮ ಅವ್ವ ಒಂದನೆಯ ತರಗತಿ. ಮುತ್ಯಾ ಹತ್ತಿ ಮಿಲ್ಲಿನಲ್ಲಿ ಅಂಡಿಗೆಗಳನ್ನು, ಹತ್ತಿ ಬಿಗಿದ ಮೂಟೆಗಳನ್ನು, ಬೆನ್ನ ಮೇಲೆ ಹೊತ್ತು ಲಾರಿಗೆ ಏರಿಸುತ್ತಿದ್ದರು. ಆರೂವರೆ ಅಡಿಗಿಂತ ಎತ್ತರ. ಊರಿನವರೆಲ್ಲ ಅವರನ್ನು ಮಿನಾರ್ ಎಂದೇ ಕರೆಯುತ್ತಿದ್ದರು. ಏಣಿ ಇಲ್ಲದೆ ಲಾರಿಯ ಮೇಲಿನ ಹಗ್ಗ ಬಿಗಿಯುತ್ತಾರೆ ಎಂದು ಮಿಲ್ಲಿನಲ್ಲಿ ಅವರಿಗೆ ಬೇಡಿಕೆ ಇತ್ತು. ಮಿಲ್ಲಿನ ಹಿಂದೆ, ಬೆಟ್ಟದ ಬುಡದಲ್ಲಿ ಒಂದು ಬಯಲಿತ್ತು. ಅಲ್ಲಿ ಒಂದಿಷ್ಟು ಜನ ಫುಟ್‌ಬಾಲ್ ಆಡುತ್ತಿದ್ದರು. ಅವರಿಗೆ ಕಲಿಸಲು ಯಾದಗಿರಿಯಿಂದ ಖಾದರ್ ಮಾಸ್ತರ್ ಬಸ್ಸು ಹಿಡಿದು ಬರುತ್ತಿದ್ದರು. ಮಾಸ್ತರ್ ಎಂದರೂ ಶಾಲೆಯವರಲ್ಲ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಹರೆಯದಲ್ಲಿ ಸಿಕಂದರಾಬಾದಿನಲ್ಲಿ ಆಡಿದವರು.

ಒಂದು ದಿನ ಚೆಂಡು ಲಾರಿಯ ಮೇಲಿನ ಅಂಡಿಗೆಗಳ ನಡುವೆ ಬಿದ್ದಿತಂತೆ. ಮುತ್ಯಾ ನೆಲದ ಮೇಲೆ ನಿಂತೇ ಕೈಚಾಚಿ ತೆಗೆದುಕೊಟ್ಟರು. ಮಾಸ್ತರರು ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಏ ಮಿನಾರ್, ನಿನ್ನ ತಲಿ ಜರಾ ನನಗ ಬೇಕಾಗ್ಯದ."

"ತಗೊಂಡು ಏನ ಮಾಡ್ತೀರಿ ಸಾಹೇಬ್ರ? ಒಳಗೇನಿಲ್ಲ."

"ಒಳಗಿಂದ ಬ್ಯಾಡಪ, ಹೊರಗಿಂದ ಸಾಕು."

ಇದನ್ನು ಮನೆಗೆ ಬಂದು ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ.

ಆ ವರ್ಷ ಮಳೆ ಬೇಗ ಹಿಡಿಯಿತು. ಮೃಗಶಿರಕ್ಕೇ ಬಯಲು ಕೆಸರಾಯಿತು. ಸುರಪುರದ ತಂಡ ಶಹಾಪುರಕ್ಕೆ ಬಂದು ಒಂದು ಆಟ ಆಡಿತು. ನಾನು ನಿಮ್ಮ ಅವ್ವನ ಕೈಹಿಡಿದು ಜಾಲಿಯ ಬೇಲಿಯ ಹಿಂದೆ ನಿಂತು ನೋಡಿದೆ. ಸುರಪುರದ ಕಡೆ ಒಬ್ಬ ಗಿಡ್ಡನೆಯ ಆಟಗಾರನಿದ್ದ. ಮುತ್ಯಾನ ಹೆಗಲವರೆಗೂ ಬರುತ್ತಿರಲಿಲ್ಲ. ಆದರೆ ಮೇಲಿನಿಂದ ಬಂದ ಪ್ರತಿ ಚೆಂಡನ್ನೂ ಅವನೇ ತಲೆಯಿಂದ ಹೊಡೆದು ಹೊರಹಾಕಿದ. ಮುತ್ಯಾನಿಗೆ ಸಿಕ್ಕ ಒಂದೆರಡು ಚೆಂಡು ಅವರ ನೆತ್ತಿಗೆ ತಾಗಿ ಸುಮ್ಮನೆ ಆಕಾಶಕ್ಕೆ ಹೋದವು. ಸುರಪುರದಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಒಂದೇ ಸಮನೆ ಕೂಗುತ್ತಿದ್ದರು.

"ಏ ಮಿನಾರ್, ಅಲ್ಲಿ ಬಾಗಿಲ ಇಲ್ಲೋ ಮಾರಾಯಾ. ಯಾಕ ಬಗ್ಗಾಕತ್ತಿ?"

"ಹಣಿ ಬಡದೀತು ಅಂತ ಹೆದರ್ಯಾನ, ಬಿಡೋ."

ಜನ ಹೊಟ್ಟೆ ಹಿಡಿದು ನಕ್ಕರು. ಆ ಸಂಜೆ ಮುತ್ಯಾ ಮನೆಗೆ ಬಂದಾಗ ನಾನು ಒಲೆಯ ಮುಂದೆ ಇದ್ದೆ. ನಮ್ಮ ಓಣಿಯ ಮನೆಗಳೆಲ್ಲ ಕಲ್ಲಿನವು, ಬಾಗಿಲುಗಳು ನನ್ನಂಥವಳಿಗೂ ತಲೆ ತಗ್ಗಿಸುವಷ್ಟು ಗಿಡ್ಡ. ಅವರು ಹೊಸ್ತಿಲು ದಾಟುವುದನ್ನು ದಿನಾ ನೋಡುತ್ತಿದ್ದೆ, ಆ ದಿನ ಗಮನ ಕೊಟ್ಟು ನೋಡಿದೆ. ಭುಜ ಮೇಲೆತ್ತಿದರು, ಕುತ್ತಿಗೆಯನ್ನು ಒಳಕ್ಕೆ ಎಳೆದುಕೊಂಡರು, ಮೇಲಿನಿಂದ ಉದುರುವ ಮಣ್ಣು ಬೀಳದಿರಲೆಂದು ಕಣ್ಣು ಮುಚ್ಚಿದರು, ನೆತ್ತಿಯನ್ನು ಮುಂದೆ ಮಾಡಿ ಒಳಗೆ ಬಂದರು. ಹನ್ನೆರಡು ವರ್ಷದ ಹುಡುಗನಾಗಿದ್ದಾಗಿನಿಂದ ದಿನಕ್ಕೆ ಇಪ್ಪತ್ತು ಸಲ ಮಾಡಿದ ಕೆಲಸ. ಮೈದಾನದಲ್ಲಿ ಚೆಂಡು ಎದುರಿಗೆ ಬಂದಾಗಲೂ ಅವರ ಮೈ ಇದನ್ನೇ ಮಾಡುತ್ತಿತ್ತು. ಸುರಪುರದವರು ತಮಾಷೆಗೆ ಕೂಗಿದ್ದು ನಿಜವೇ ಆಗಿತ್ತು.

ನನಗೆ ಗಂಡನಿಗೆ ಏನಾದರೂ ಹೇಳಿ ರೂಢಿ ಇರಲಿಲ್ಲ. ರೊಟ್ಟಿ ಬಡಿಸುತ್ತ, ಮುಖ ನೋಡದೆ ಹೇಳಿದೆ.

"ನೀವು ಬಗ್ಗತೀರಿ."

"ಯಾವಾಗ?"

"ಚೆಂಡ ಬಂದಾಗ. ಕಣ್ಣೂ ಮುಚ್ಚತೀರಿ. ಕುತ್ತಿಗಿ ಸಡಲ ಬಿಡ್ತೀರಿ."

"ನೀ ಯಾವಾಗಿಂದ ಫುಟ್‌ಬಾಲ್ ಆಡಾಕತ್ತಿ ಸಿದ್ದಿ?"

"ನಾ ಆಡೂದಿಲ್ರಿ. ನಾ ನೀರ ಹೊರತೀನಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ನಾನು ಎಂಟು ವರ್ಷದವಳಿದ್ದಾಗಿನಿಂದ ತಲೆಯ ಮೇಲೆ ಕೊಡ ಹೊತ್ತವಳು. ತುಂಬಿದ ಕೊಡವನ್ನು ಕುತ್ತಿಗೆ ಹೊರುವುದಿಲ್ಲ. ಹಿಮ್ಮಡಿ ಹೊರುತ್ತದೆ, ಸೊಂಟ ಹೊರುತ್ತದೆ, ಬೆನ್ನು ಹೊರುತ್ತದೆ. ಕುತ್ತಿಗೆ ಅಲುಗದೆ ಇರಬೇಕು, ಅಷ್ಟೇ. ಗದ್ದ ಸ್ವಲ್ಪ ಒಳಗೆ. ಕಣ್ಣು ದೂರದಲ್ಲಿ, ಹೋಗಬೇಕಾದ ಕಡೆ. ಕಣ್ಣು ಕೆಳಗಾದರೆ ನೀರು ಚೆಲ್ಲುತ್ತದೆ. ಇದನ್ನು ಅವರಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಬಟ್ಟೆಯ ಸಿಂಬಿ ಸುತ್ತಿ ಅವರ ತಲೆಯ ಮೇಲಿಟ್ಟು, ಕೊಡ ಏರಿಸಲು ಕಲ್ಲಿನ ಮೇಲೆ ಹತ್ತಿ ನಿಂತೆ.

ಗಂಡಸರು ತಲೆಯ ಮೇಲೆ ನೀರು ಹೊರುವ ಊರಲ್ಲ ನಮ್ಮದು. ಅಂಗಳದ ಗೋಡೆಯೊಳಗೇ ನಡೆದರು. ಮೊದಲ ದಿನ ಮೂರು ಹೆಜ್ಜೆಗೆ ತೊಯ್ದು ತೊಪ್ಪೆಯಾದರು. ಪಕ್ಕದ ಮನೆಯ ಕಾಶಮ್ಮ ಗೋಡೆಯ ಮೇಲಿಂದ ಇಣುಕಿ, "ಏನಲೇ ಸಿದ್ದಮ್ಮ, ಗಂಡಗ ಹೊಸಾ ಕೆಲಸ ಹಚ್ಚೀಯಲ್ಲ, ನಮ್ಮನಿಗೂ ಎರಡ ಕೊಡ ಹಾಕಿಸು" ಎಂದಳು. ನಾಚಿಕೆಯಿಂದ ನಾನು ಒಳಗೆ ಓಡಿದೆ. ಅವರು ಅಲ್ಲೇ ನಿಂತು ನಗುತ್ತಿದ್ದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅಂಗಳದ ಈ ತುದಿಯಿಂದ ಆ ತುದಿಗೆ ಒಂದು ಹನಿ ಚೆಲ್ಲದೆ ನಡೆದರು.

ಮುಂದಿನ ವಾರ ಮಾಸ್ತರರು ನಮ್ಮ ಮನೆಗೇ ಬಂದರು. ಅಂಗಳದಲ್ಲಿ, ನಾನು ನಾಚಿಕೊಳ್ಳಬಾರದೆಂದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ನಾನು ಬಾಗಿಲ ಹಿಂದೆ. ನಮ್ಮಿಬ್ಬರ ಮಾತೆಲ್ಲ ಆ ಮಳೆಗಾಲ ಪೂರ್ತಿ ಹೀಗೇ ನಡೆದದ್ದು.

"ಬೇಟಿ, ಇವನ ಕುತ್ತಿಗಿ ನೀ ಸರಿ ಮಾಡೀಯಂತ. ಮೂರ ತಿಂಗಳ ಆತು, ನನ್ನ ಕೈಲಿ ಆಗಿದ್ದಿಲ್ಲ."

ನಾನು ಬಾಗಿಲ ಸಂದಿಗೆ ಕಿವಿ ಕೊಟ್ಟೆ.

"ಕೇಳು. ಉದ್ದ ಮಂದಿಗೆ ಒಂದು ಬ್ಯಾನಿ ಇರ್ತದ. ಅವರು ಹಾರೂದಿಲ್ಲ. ಹೆಂಗೂ ಚೆಂಡು ನನ್ನ ತಲಿಗೇ ಬರ್ತದ ಅಂತ ಕಂಬ ನಿಂತಂಗ ನಿಲ್ತಾರ. ಗಿಡ್ಡ ಮನುಷ್ಯಾ ನಾಕ ಹೆಜ್ಜಿ ಓಡಿ ಬಂದು ಹಾರ್ತಾನ, ಇವನ ತಲಿಮ್ಯಾಲೆ ಹೋಗ್ತಾನ. ಇವನೂ ಹಿಂದ ನಿಲ್ಲಬೇಕು. ತಡಾ ಮಾಡಿ ಬರಬೇಕು. ಚೆಂಡು ಇವಗ ಬಡೀಬಾರದು, ಇವ ಚೆಂಡಿಗೆ ಬಡೀಬೇಕು. ನೆತ್ತಿಗಲ್ಲ, ಹಣಿಗೆ. ಕೂದಲ ಶುರು ಆಗ್ತದಲ್ಲ, ಅದರ ಕೆಳಗ. ಮತ್ತ ಮ್ಯಾಲಕ ಅಲ್ಲ, ಕೆಳಗ ಹೊಡೀಬೇಕು, ಗೋಲ್ ಗೆರಿ ಮ್ಯಾಲೆ. ಗೋಲ್‌ಕೀಪರ್ ಬಗ್ಗೂದರಾಗ ಚೆಂಡು ಪುಟದು ಒಳಗ ಹೋಗಿರ್ತದ. ಅಷ್ಟು ಎತ್ತರದಿಂದ ಕೆಳಗ ಹೊಡ್ಯೂದು ಇಂಥವಗ ಒಬ್ಬಗ ಬರ್ತದ, ಬ್ಯಾರೆ ಯಾರಿಗೂ ಬರೂದಿಲ್ಲ."

ಒಂದು ಚೆಂಡನ್ನು ಕಟ್ಟೆಯ ಮೇಲಿಟ್ಟರು. "ಮಾಳಗಿ ಮ್ಯಾಲಿಂದ ನೀ ಒಗಿ. ಅಂವ ಹೊಡೀಲಿ. ನಿನ್ನ ಕಣ್ಣ ಮ್ಯಾಲೆ ನನಗ ಭರೋಸಾ ಅದ."

ನನ್ನ ಕಣ್ಣಿನ ಮೇಲೆ ಭರವಸೆ ಇದೆ ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಮ್ಮಪ್ಪ ಹೇಳಿರಲಿಲ್ಲ, ಶಾಲೆಯ ಮಾಸ್ತರರೂ ಹೇಳಿರಲಿಲ್ಲ.

ದಿನಾ ಸಂಜೆ ಅವರು ಮಿಲ್ಲಿನಿಂದ ಬಂದ ಮೇಲೆ ನಾನು ಮಾಳಿಗೆ ಹತ್ತುತ್ತಿದ್ದೆ. ಕೆಳಗೆ ಗೋಡೆಗೆ ಇದ್ದಿಲಿನಿಂದ ಮೊಣಕಾಲೆತ್ತರದಲ್ಲಿ ಒಂದು ಗೆರೆ ಎಳೆದಿದ್ದೆ. ಚೆಂಡು ಆ ಗೆರೆಯ ಕೆಳಗೆ ತಾಗಬೇಕು. ನಾನು ಎಸೆಯುವುದು, ಅವರು ಮೂರು ಹೆಜ್ಜೆ ಹಿಂದಿನಿಂದ ಬಂದು ಹಾರಿ ಹಣೆಯಿಂದ ಹೊಡೆಯುವುದು, ನಿಮ್ಮ ಅವ್ವ ಓಡಿ ಚೆಂಡು ತಂದು ಮೆಟ್ಟಿಲ ಮೇಲೆ ಇಡುವುದು. ಮೊದಮೊದಲು ಕಣ್ಣು ಮುಚ್ಚುತ್ತಿದ್ದರು. "ಮುಚ್ಚಿದ್ರಿ" ಎನ್ನುತ್ತಿದ್ದೆ. "ಇಲ್ಲ" ಎನ್ನುತ್ತಿದ್ದರು. "ಮುಚ್ಚಿದ್ರಿ, ಮತ್ತೊಮ್ಮಿ." ಮದುವೆಯಾಗಿ ಎಂಟು ವರ್ಷದಲ್ಲಿ ಅವರ ಮಾತಿಗೆ ಎದುರು ಹೇಳದವಳು, ಮಾಳಿಗೆ ಹತ್ತಿದರೆ ಇಪ್ಪತ್ತು ಸಲ ಹೇಳುತ್ತಿದ್ದೆ. ಆಮೇಲೆ ಕಣ್ಣು ತೆರೆದೇ ಇರತೊಡಗಿತು. ಒಂದು ಸಂಜೆ ಚೆಂಡು ಗೆರೆಯ ಕೆಳಗೇ, ಒಂದೇ ಜಾಗದಲ್ಲಿ, ಮತ್ತೆ ಮತ್ತೆ ಬಡಿದು ಗೋಡೆಯ ಮಣ್ಣು ಉದುರಿತು. ಅದನ್ನು ನೋಡುವುದೆಂದರೆ ನನಗೆ ಎಂಥದೋ ಸಂತೋಷ. ಇನ್ನೊಮ್ಮೆ, ಇನ್ನೊಮ್ಮೆ ಎನಿಸುತ್ತಿತ್ತು. ಕತ್ತಲಾಗುತ್ತ ಬಂದರೂ ನಾನೇ ನಿಲ್ಲಿಸುತ್ತಿರಲಿಲ್ಲ.

ಆಗಿನ ಚೆಂಡು ಈಗ ಚೈತ್ರಾಳ ಹತ್ತಿರ ಇರುವಂಥದಲ್ಲ. ತೊಗಲಿನದು, ಹಳೆಯದು, ಹೊಲಿಗೆ ಬಿಟ್ಟದ್ದು. ಮಳೆಯ ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಹಣೆಗೆ ಬಡಿದಾಗ ಧಪ್ ಎನ್ನುವ ಒಂದು ಮಂದವಾದ ಸದ್ದು. ಇವತ್ತಿಗೂ ಯಾರಾದರೂ ಹಸಿ ಬಟ್ಟೆಯನ್ನು ಕಲ್ಲಿಗೆ ಒಗೆದರೆ ನಾನು ಬೇರೆ ಕಡೆ ಹೋಗುತ್ತೇನೆ. ಯಾಕೆಂದು ನಿಮ್ಮ ಅವ್ವನಿಗೆ ಗೊತ್ತಿಲ್ಲ, ಬಟ್ಟೆ ಒಗೆಯಲು ನನಗೆ ಸೋಮಾರಿತನ ಎಂದುಕೊಂಡಿದ್ದಾಳೆ.

ಆಷಾಢದ ಕಡೆಯ ಹೊತ್ತಿಗೆ ಅವರು ತಲೆಗೆ ವಸ್ತ್ರ ಬಿಗಿಯಾಗಿ ಸುತ್ತಿಕೊಂಡು ಮಲಗತೊಡಗಿದರು. ದೀಪದ ಕಡೆ ನೋಡುತ್ತಿರಲಿಲ್ಲ. ಊಟಕ್ಕೆ ಕುಳಿತಾಗ "ಅದು, ಅದನ್ನ ಇಕಡೆ ಕೊಡು" ಎನ್ನುತ್ತಿದ್ದರು. ಉಪ್ಪು ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. "ತಲಿ ನೋಯ್ತದೇನ್ರಿ?" ಎಂದು ಕೇಳಿದರೆ, "ಹೊಸಾ ಎತ್ತಿಗೆ ಹೆಗಲ ನೋಯೂದಿಲ್ಲೇನು? ಹಂಗ" ಎಂದರು. ನಾನು ಒಪ್ಪಿಕೊಂಡೆ. ಮರುದಿನ ಮತ್ತೆ ಮಾಳಿಗೆ ಹತ್ತಿದೆ.

ಶ್ರಾವಣದಲ್ಲಿ ಯಾದಗಿರಿಯಲ್ಲಿ ಪಂದ್ಯಗಳು ನಡೆದವು. ಸುತ್ತಲಿನ ಊರಿನ ತಂಡಗಳು ಬಂದಿದ್ದವು. ರೈಲು ಮಾರ್ಗದ ಮೇಲಿನ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಮುಂದೆ ನಿಂತು ಗೋಲು ಹೊಡೆಯುವ ಒಬ್ಬ ಎತ್ತರದ ಆಟಗಾರನನ್ನು ಹುಡುಕುತ್ತಿದ್ದರು. ಅವರ ಸಾಹೇಬರು ಕೊನೆಯ ಪಂದ್ಯ ನೋಡಲು ಬರುವವರಿದ್ದರು. ಅವರು ಆರಿಸಿಕೊಂಡರೆ ಕಾಯಂ ಕೆಲಸ, ಇರಲು ಮನೆ, ಮಕ್ಕಳಿಗೆ ಅಲ್ಲಿಯದೇ ಶಾಲೆ. ಮಾಸ್ತರರು ಸ್ಟೇಷನ್ ಹತ್ತಿರ ತಮ್ಮ ಪರಿಚಯದವರ ಒಂದು ಕೋಣೆ ಕೊಡಿಸಿ, ನನ್ನನ್ನೂ ಮಗುವನ್ನೂ ಕರೆಸಿದರು. "ನಿನ್ನ ಕಣ್ಣು ಅಲ್ಲಿರಲಿ" ಎಂದರು.

ಕೊನೆಯ ಪಂದ್ಯದ ಹಿಂದಿನ ದಿನ ನಮಗೆ ಸುರಪುರದವರೇ ಎದುರಾದರು. ಅದೇ ಗಿಡ್ಡ ಆಟಗಾರ. ಈ ಸಲ ಮುತ್ಯಾ ಹಿಂದೆ ನಿಂತು, ತಡ ಮಾಡಿ ಬಂದು, ಹಾರಿ ಎರಡು ಗೋಲು ಹೊಡೆದರು. ಟ್ರ್ಯಾಕ್ಟರಿನವರ ಬಾಯಿ ಕಟ್ಟಿತು. ಮೂರನೆಯ ಚೆಂಡಿಗೆ ಇಬ್ಬರೂ ಒಂದೇ ಸಲ ಹಾರಿದರು. ಚೆಂಡು ಇಬ್ಬರಿಗೂ ಸಿಗಲಿಲ್ಲ. ಗಿಡ್ಡನ ನೆತ್ತಿ ಮುತ್ಯಾನ ಕಪಾಲಕ್ಕೆ, ಕಿವಿಯ ಮೇಲೆ ಬಡಿಯಿತು. ಮುತ್ಯಾ ಕಡಿದ ಮರದ ಹಾಗೆ ಬಿದ್ದರು. ಸ್ವಲ್ಪ ಹೊತ್ತು ಏಳಲಿಲ್ಲ. ನೀರು ಚಿಮುಕಿಸಿದ ಮೇಲೆ ಎದ್ದು, ಕೈ ಎತ್ತಿ, ಆಟ ಮುಗಿಸಿದರು. ಜನ ಚಪ್ಪಾಳೆ ಹೊಡೆದರು. ಆ ಗಿಡ್ಡ ಆಟಗಾರನೇ ಅವರ ಹೆಗಲಿಗೆ ಕೈಹಾಕಿ ಹೊರಗೆ ಕರೆತಂದ.

ಮರುದಿನ ಮುಂಜಾನೆ ಎದ್ದವರೇ, "ಅವ್ವ ಎದ್ದಾಳೇನು?" ಎಂದು ಕೇಳಿದರು.

ಅವರ ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಿದ್ದೆಗಣ್ಣು ಎಂದುಕೊಂಡೆ. ಚಹಾ ಕೊಟ್ಟೆ. ಕುಡಿದು, "ಅವ್ವಗ ಕೊಟ್ಟೇನು?" ಎಂದರು. ಅಂಗಿ ಹಾಕಿಕೊಂಡಾಗ ಗುಂಡಿಗಳು ಒಂದಕ್ಕೊಂದು ಸರಿಬೀಳಲಿಲ್ಲ. ಬಿಚ್ಚಿ ಮತ್ತೆ ಹಾಕಿದರೂ ಹಾಗೇ. ನಾನು ಹಾಕಿಕೊಟ್ಟೆ. ಆಮೇಲೆ ಹೊರಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಒಳಗೆ ಬಂದು, ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, "ಅವ್ವ ಎಲ್ಲಿ ಹೋಗ್ಯಾಳ್ರಿ?" ಎಂದು ಕೇಳಿದರು. ನನಗೆ ಅವರು ಯಾವತ್ತೂ 'ರಿ' ಹಚ್ಚಿ ಮಾತಾಡಿದವರಲ್ಲ.

ನಾನು ಏನು ಮಾಡಿದೆ ಎಂದರೆ, ಒಂದು ಕೊಡ ನೀರು ತೆಗೆದುಕೊಂಡು ಹೋಗಿ ಗೋಡೆಯ ಬುಡ ತೊಳೆದೆ. ಅದು ಪೂರ್ತಿ ಹರಿದು ಚರಂಡಿಗೆ ಹೋಗುವವರೆಗೆ ನಿಂತೆ. ನೀರು ಇನ್ನೂ ಹರಿಯುತ್ತಿರುವಾಗಲೇ ಮಾಸ್ತರರ ಸೈಕಲ್ ಬಂದಿತು. ನಾನು ಬಾಗಿಲ ಹಿಂದೆ ಸರಿದೆ. ಅವರು ಎಂದಿನಂತೆ ಬೆನ್ನು ಮಾಡಿ ನಿಂತರು.

"ಬೇಟಿ, ಹ್ಯಾಂಗ ಅದಾನ? ಅಂವನ್ನ ಕೇಳಂಗಿಲ್ಲ, ಆಡ್ತೀನಿ ಅಂತಾನ. ನಿನ್ನ ಕೇಳಾಕತ್ತೀನಿ."

ಒಳಗೆ ಮುತ್ಯಾ ನಿಮ್ಮ ಅವ್ವನ ಸ್ಲೇಟು ಹಿಡಿದುಕೊಂಡು ಅದನ್ನೇ ನೋಡುತ್ತ ಕೂತಿದ್ದರು.

"ನಿನ್ನೆ ಪೆಟ್ಟು ಸಣ್ಣದಲ್ಲ. ಸಾಹೇಬರು ಬರಾಕತ್ತಾರ, ಖರೆ. ಆದ್ರ ಮುಂದಿನ ವರ್ಷನೂ ಬರ್ತಾರ. ಜರಾನೂ ಫರಕ್ ಕಂಡ್ರ ಹೇಳಿಬಿಡು. ನಾ ಹೊರಗ ಕೂಡಸ್ತೀನಿ."

ಮುಂದಿನ ವರ್ಷ ಎನ್ನುವುದನ್ನು ನಾನು ನಂಬಲಿಲ್ಲ. ಬೆನ್ನ ಮೇಲೆ ಅಂಡಿಗೆ ಹೊರುವವರಿಗೆ ಅಂಥ ಮುಂದಿನ ವರ್ಷ ಎಷ್ಟು ಸಲ ಬರುತ್ತದೆ? ಇದೊಂದು ಕಾರಣ. ಇದನ್ನು ನಾನು ನನಗೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಇನ್ನೊಂದು ಕಾರಣ ಬರೆಯಲು ನಾಚಿಕೆಯಾಗುತ್ತದೆ. ನಾನು ಕಲಿಸಿದ್ದನ್ನು ಅಷ್ಟು ದೊಡ್ಡ ಜನರ ಮುಂದೆ ಅವರು ಮಾಡುವುದನ್ನು ನೋಡಬೇಕು ಎಂದು ನನಗೆ ಆಸೆ ಇತ್ತು. ನನ್ನ ಜೀವಮಾನದಲ್ಲಿ ನಾನು ಯಾರಿಗಾದರೂ ಕಲಿಸಿದ್ದು ಅದೊಂದೇ.

"ಆರಾಮ ಅದಾರ್ರಿ" ಎಂದೆ.

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಗೋಡೆಯ ಬುಡದ ಹಸಿಯನ್ನು ನೋಡುತ್ತಿದ್ದರೋ ಏನೋ, ಬೆನ್ನು ನನ್ನ ಕಡೆ ಇದ್ದುದರಿಂದ ತಿಳಿಯಲಿಲ್ಲ. "ಠೀಕ್ ಅದ" ಎಂದು ಹೊರಟರು.

ಆಟ ರಾಯಚೂರು ಕಡೆಯ ಒಂದು ತಂಡದ ಜೊತೆ. ಹೆಂಗಸರಿಗೆ ಕೂರಲು ಒಂದು ಎತ್ತಿನ ಗಾಡಿ ನಿಲ್ಲಿಸಿದ್ದರು. ಅದರ ಮೇಲೆ ಕುಳಿತು ನೋಡಿದೆ. ಮಳೆ ಹನಿಯುತ್ತಲೇ ಇತ್ತು. ಸುಣ್ಣದ ಗೆರೆಗಳು ಕರಗಿ ಕರಿಮಣ್ಣಿನಲ್ಲಿ ಹರಿಯುತ್ತಿದ್ದವು. ಮುತ್ಯಾ ಮೈದಾನದಲ್ಲಿ ಯಾರೋ ತಳ್ಳಿದ ಕಡೆ ಹೋಗುತ್ತಿದ್ದರು, ಬಿಟ್ಟ ಕಡೆ ನಿಲ್ಲುತ್ತಿದ್ದರು. ನನಗೆ ಮಾತ್ರ ಅದು ಕಾಣುತ್ತಿತ್ತು. ಬೇರೆಯವರು ದಣಿದಿದ್ದಾರೆ ಎಂದುಕೊಂಡರು. ಕಡೆಯವರೆಗೆ ಯಾರೂ ಗೋಲು ಹೊಡೆಯಲಿಲ್ಲ. ಇನ್ನೇನು ಮುಗಿಯುತ್ತದೆ ಎನ್ನುವಾಗ ಮೂಲೆಯಿಂದ ಒಂದು ಚೆಂಡು ಎತ್ತರವಾಗಿ ಬಂದಿತು.

ಅವರು ಹಿಂದೆ ನಿಂತಿದ್ದರು. ತಡ ಮಾಡಿದರು. ಮೂರು ಹೆಜ್ಜೆ. ಆಮೇಲೆ ಹಾರಿದರು. ಎಲ್ಲರ ತಲೆಗಳ ಮೇಲೆ ಅವರ ಎದೆ ಕಂಡಿತು. ಕುತ್ತಿಗೆ ಅಲುಗಲಿಲ್ಲ. ಕಣ್ಣು ತೆರೆದಿತ್ತು, ಗಾಡಿಯ ಮೇಲಿಂದಲೂ ನನಗೆ ಕಂಡಿತು ಎಂದರೆ ನೀವು ನಂಬಬೇಕು. ಚೆಂಡು ಗೆರೆಯ ಮೇಲೆ ಬಡಿದು, ಬಿಳಿ ಕೆಸರು ಸಿಡಿಸಿ, ಬಗ್ಗಿದ ಗೋಲ್‌ಕೀಪರನ ಕೈಯಡಿಯಿಂದ ಒಳಗೆ ಹೋಯಿತು.

ಜನ ಒಳಗೆ ನುಗ್ಗಿದರು. ಅವರನ್ನು ಅಪ್ಪಿದರು, ಎತ್ತಲು ನೋಡಿದರು. ಅವರು ಎಲ್ಲರ ಕೈ ಬಿಡಿಸಿಕೊಂಡು, ಸುತ್ತ ಒಮ್ಮೆ ನೋಡಿ, ನಿಧಾನವಾಗಿ ನಡೆದು ಹೋಗಿ ರಾಯಚೂರು ಕಡೆಯವರ ನಡುವೆ ತಲೆ ತಗ್ಗಿಸಿ ನಿಂತರು. ಸೋತವರ ಜೊತೆ, ಅವರ ಹಾಗೆಯೇ.

"ಏ ಮಿನಾರ್, ನಿನ್ನ ಮಂದಿ ಇಕಡೆ ಅದಾರೋ" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಅವರು ಗಾಡಿಯ ಕಡೆ ತಿರುಗಿ ನೋಡಿದರು. ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಕೆಲಸ ಸಿಕ್ಕಿತು. ಮನೆ ಸಿಕ್ಕಿತು. ನಿಮ್ಮ ಅವ್ವ ಓದಿದಳು, ಟೀಚರಾದಳು, ಅದೆಲ್ಲ ಆ ಗೋಲಿನಿಂದಲೇ. ಅದನ್ನು ನಾನು ಮರೆಮಾಚುವುದಿಲ್ಲ. ಕಾರ್ಖಾನೆಯ ಕಾಗದ ತಂದುಕೊಟ್ಟ ದಿನ ಮಾಸ್ತರರು ಹೊರಡುವಾಗ ಬಾಗಿಲ ಹತ್ತಿರ ನಿಂತು, ಸಣ್ಣ ದನಿಯಲ್ಲಿ, "ಡಾಕ್ಟರಗ ತೋರಸಬೇಕಿತ್ತು ನಾನು. ನಿನ್ನ ಕೇಳಿದೆ. ನೀ ಏನ ಹೇಳ್ತಿ ಅಂತ ಗೊತ್ತಿದ್ದೇ ಕೇಳಿದೆ ಬೇಟಿ" ಎಂದರು. ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ಅವರ ಪಾಲನ್ನು ಅವರು ತೆಗೆದುಕೊಂಡು ಹೋದರು. ನನ್ನದು ನನ್ನ ಹತ್ತಿರವೇ ಉಳಿಯಿತು.

ಮುತ್ಯಾ ನಾಲ್ಕೈದು ದಿನದಲ್ಲಿ ಮೊದಲಿನಂತಾದರು. ಆದರೆ ಆ ದಿನ ಅವರಿಗೆ ಯಾವತ್ತೂ ಮರಳಿ ಬರಲಿಲ್ಲ. ಮುಂಜಾನೆ ಇಲ್ಲ, ಆಟ ಇಲ್ಲ, ಗೋಲು ಇಲ್ಲ. ಇನ್ನೊಂದು ವರ್ಷ ಕಾರ್ಖಾನೆಗೆ ಆಡಿ, ತಲೆನೋವು ಎಂದು ಬಿಟ್ಟರು. ಊರಿಗೆಲ್ಲ ನೆನಪಿದ್ದ ಗೋಲು, ಹೊಡೆದವರಿಗೇ ನೆನಪಿಲ್ಲ. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು, "ಸಿದ್ದಿ, ಅದೊಂದು ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಮಳೆ, ಮೂಲೆಯ ಚೆಂಡು, ಮೂರು ಹೆಜ್ಜೆ, ಬಿಳಿ ಕೆಸರು. ಮುಂಜಾನೆಯನ್ನು ಬಿಟ್ಟು ಹೇಳುತ್ತಿದ್ದೆ. ನೂರಾರು ಸಲ ಹೇಳಿದ್ದೇನೆ, ನೂರಾರು ಸಲ ಬಿಟ್ಟಿದ್ದೇನೆ.

ಮರೆವು ಶುರುವಾದಾಗ ಕಲಬುರಗಿಯ ಡಾಕ್ಟರು, "ತಲೆಗೆ ಯಾವತ್ತಾದರೂ ಪೆಟ್ಟಾಗಿತ್ತಾ?" ಎಂದು ಕೇಳಿದರು. ನಿಮ್ಮ ಅವ್ವ ಪಕ್ಕದಲ್ಲೇ ಕೂತಿದ್ದಳು. "ಇಲ್ರಿ" ಎಂದೆ. ಅದು ಎರಡನೆಯ ಸಲ. ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಮೊದಲನೆಯ ಮಾತು ಬಾಯಲ್ಲಿ ಹಾಗೇ ಕೂತಿದ್ದರಿಂದ ಎರಡನೆಯದು ತಾನಾಗಿ ಬಂದಿತು.

ಕಡೆಯ ವರ್ಷ ಅವರಿಗೆ ನಾನು ಯಾರೆಂಬುದೂ ಹೋಯಿತು. ಆದರೂ ಸಂಜೆಯಾದರೆ "ಅದೊಂದು ಹೇಳ್ರಿ" ಎನ್ನುತ್ತಿದ್ದರು. ಒಂದು ಸಂಜೆ ನಾನು ಮುಂಜಾನೆಯಿಂದ ಶುರುಮಾಡಿದೆ. ಅವ್ವನನ್ನು ಕೇಳಿದ್ದು, ಗುಂಡಿ, ವಾಂತಿ, ಕೊಡದ ನೀರು, ಬಾಗಿಲ ಹಿಂದಿನಿಂದ ಆ ಹೆಂಗಸು ಹೇಳಿದ ಮಾತು. ಯಾರದೋ ಕಥೆಯೆಂಬಂತೆ ಕೇಳಿದರು. "ಹೇಳಬೇಕಿತ್ತು ಆಕಿ" ಎಂದರು. ಮುಖ ಬಿಗಿಯಾಗಿತ್ತು. ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಮರೆತಿದ್ದರು. ನಾನು ಮತ್ತೆ ಹೇಳಿದೆ, ಮುಂಜಾನೆ ಸಮೇತ. "ಪಾಪ, ಆಕಿಗೆ ಕೇಳಾಕ ಬ್ಯಾರೆ ಯಾರೂ ಇದ್ದಿಲ್ಲೇನು?" ಎಂದರು. ಇನ್ನೊಂದು ದಿನ ಕೇಳಿ ಎದ್ದು ಒಳಗೆ ಹೋದರು. ಇವುಗಳಲ್ಲಿ ಯಾವುದನ್ನು ಅವರ ಮಾತು ಎಂದು ಇಟ್ಟುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಆದರೆ ಒಮ್ಮೆ ಶುರುಮಾಡಿದ ಮೇಲೆ ಬಿಟ್ಟು ಹೇಳಲು ಬರಲಿಲ್ಲ.

ಅವರು ಹೋಗುವ ಮೂರು ದಿನ ಮುಂಚೆಯೂ ಹೇಳಿದೆ.

"ಆಕಿ ಮ್ಯಾಲೆ ನನಗ ಸಿಟ್ಟಿಲ್ರಿ" ಎಂದರು. ಆಮೇಲೆ, "ಆ ಆಡಿದ ಮನುಷ್ಯಾನ ಹೆಸರು ಏನಿತ್ತು?" ಎಂದು ಕೇಳಿದರು.

ಮದುವೆಯ ದಿನ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ಬಾಯಿಂದ ಆಡಿದವಳಲ್ಲ. ಗಂಡನ ಹೆಸರು ಹೇಳಬಾರದು ಎಂದು ನಮಗೆ ಕಲಿಸಿದ್ದರು. ಓಟಿನ ಚೀಟಿ ಬರೆಸುವಾಗಲೂ ಪಕ್ಕದವರ ಕೈಲಿ ಹೇಳಿಸಿದ್ದೆ. ಮುತ್ಯಾ ನನ್ನ ಮುಖ ನೋಡುತ್ತ ಕಾಯುತ್ತಿದ್ದರು.

"ಭೀಮರಾಯ" ಎಂದೆ.

"ಛಲೋ ಹೆಸರು" ಎಂದರು.